ತಮ್ಮನ ಹೆಸರಿದ್ದ ಫೈಲು

ಮಹಾರಾಷ್ಟ್ರದ ಸಂಭಾಜಿನಗರದ ನಮ್ಮ ಓಣಿಯಲ್ಲಿ ಕನ್ನಡದ ಲಗ್ನಪತ್ರಿಕೆ ಮಾಡುವವನು ನಾನೊಬ್ಬನೇ. ಒಬ್ಬನೇ ಓಡುವ ಪಂದ್ಯದಲ್ಲಿ ಮೊದಲು ಬರುವುದು ದೊಡ್ಡ ಮಾತಲ್ಲ ಎಂಬುದು ನನಗೆ ಬಹಳ ದಿನ ಹೊಳೆದಿರಲಿಲ್ಲ. ಕೆಟ್ಟುಹೋದ ಕಂಪ್ಯೂಟರ್ ಫೈಲನ್ನೂ ಬದುಕಿಸುತ್ತೇನೆಂದು ಬೇರೆ ಹೇಳಿಕೊಂಡು ತಿರುಗುತ್ತಿದ್ದೆ.

ಊರಂಚಿನ ಚಿಕಲಠಾಣಾದ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುವ ಕಲಬುರಗಿ ಕಡೆಯ ಗೌಂಡಿಯೊಬ್ಬರು ಮಗಳ ಮದುವೆ ಪತ್ರಿಕೆ ಮಾಡಿಸಲು ಬಂದರು. ಅವರಿಗೆ ಓದು ಬರದು. ಬಂಧುಗಳ ಹೆಸರು ಒಂದೊಂದಾಗಿ ಹೇಳಿದರು, ನಾನು ಟೈಪು ಮಾಡಿ ಓದಿ ಹೇಳಿದೆ. ನಾಲ್ಕು ದಿನ ಬಿಟ್ಟು ಕೆಲಸಕ್ಕೆ ರಜೆ ಹಾಕಿ ಮತ್ತೆ ಬಂದರು. "ಕಾಕಾನ ಜಾಗಾದಾಗ ನಮ್ಮ ತಮ್ಮಂದು ಹೆಸರು ಹಾಕ್ರಿ ಸರ. ನಾಸಿಕ್‌ದಾಗ ಇರ್ತಾನ. ಹೊಲದ ಜಗಳದಾಗ ಆರು ವರ್ಷ ಮಾತಿಲ್ಲ. ಹೆಸರು ಕಂಡ್ರ ಬರ್ತಾನ" ಎಂದರು. ಹಾಕಿದೆ.

ಅಚ್ಚಿಗೆ ಕಳಿಸುವ ದಿನ, ಫೈಲು ಸೇವ್ ಆಗುತ್ತಿರುವಾಗಲೇ ಕರೆಂಟು ಹೋಯಿತು. ಮತ್ತೆ ಅದು ತೆರೆಯಲಿಲ್ಲ. ಸಾಫ್ಟ್‌ವೇರ್ ತಾನಾಗಿ ಇಡುವ ಬ್ಯಾಕಪ್ಪನ್ನು, ಡೆಸ್ಕ್‌ಟಾಪ್ ಗಲೀಜಾಗುತ್ತದೆಂದು ನಾನೇ ಬಂದ್ ಮಾಡಿದ್ದೆ. ಮನೆಯಲ್ಲಿ ಚಹಾ ಕುಡಿದ ಲೋಟ ಎತ್ತಿಡದವನಿಗೆ ಅಲ್ಲಿ ಮಾತ್ರ ಎಲ್ಲಿಲ್ಲದ ಸ್ವಚ್ಛತೆ. ಯೂಟ್ಯೂಬಿನ ಹಿಂದಿ ಗುರುಗಳು ಹೇಳಿದ್ದನ್ನೆಲ್ಲ ಮಾಡಿದೆ. ಕೊನೆಗೆ ಪೆನ್‌ಡ್ರೈವಿನಿಂದ ಅಳಿಸಿದ್ದ ಒಂದು ಪ್ರತಿ ಮರಳಿ ಸಿಕ್ಕಿತು. ಗಣಪತಿ, ವಧುವರರ ಹೆಸರು, ಬಳ್ಳಿಯ ಅಂಚು, ಎಲ್ಲ ಇದ್ದಲ್ಲೇ ಇದ್ದವು. ಜಂಬದ ಕೋಳಿಯಂತೆ ಎದುರಿನ ಚಹಾದಂಗಡಿಗೂ ಹೋಗಿ ಹೇಳಿ ಬಂದೆ. ಗೌಂಡಿಯವರಿಗೆ "ಎಲ್ಲಾ ಸರಿ ಅದರಿ" ಎಂದು ಪತ್ರಿಕೆಯ ಕಟ್ಟು ಕೊಟ್ಟೆ. ಓದಿ ಹೇಳಲಿಲ್ಲ, ನಾನೂ ಓದಿಕೊಳ್ಳಲಿಲ್ಲ. ಅದು ಮೊದಲ ದಿನದ ಪ್ರತಿ.

ವಾರದ ಮೇಲೆ ಗೌಂಡಿಯವರು ಬಂದರು. ಬೈದಿದ್ದರೆ ಚೆನ್ನಾಗಿತ್ತು. "ನಮ್ಮ ತಮ್ಮ ಪತ್ರಿಕಾ ವಾಪಸ್ ಕಳಿಸ್ಯಾನ ಸರ. ಹೆಸರು ಹಾಕೀನಂತ ಹೇಳಿ ಕಳಿಸಿದ್ದೆ" ಎಂದಷ್ಟೇ ಅಂದರು. ನಾನು ತಮ್ಮನ ವಿಳಾಸ ಕೇಳಿ ಬರೆದುಕೊಂಡೆ.

ಮರುದಿನ ತಿದ್ದಿದ ಪತ್ರಿಕೆ ಹಿಡಿದು ನಾಸಿಕ್ ಬಸ್ಸು ಹತ್ತಿದೆ. ತ್ರ್ಯಂಬಕ ರಸ್ತೆಯಲ್ಲಿ ಕಟ್ಟುತ್ತಿದ್ದ ಮನೆಯೊಂದರ ಮುಂದೆ ಗೌಂಡಿಯವರ ತಮ್ಮ ಸಿಕ್ಕರು. ಫೈಲು ಕೆಟ್ಟಿತ್ತು, ಹಳೆಯ ಪ್ರತಿ ಅಚ್ಚಾಯಿತು ಎಂದು ಶುರು ಮಾಡಿದೆ. ಅವರು ಅಲ್ಲೇ ತಡೆದರು.

"ಹಳೇದಂದ್ರ? ಮೊದಲ ಅಣ್ಣ ನನ್ನ ಹೆಸರು ಹೇಳಿದ್ದಿಲ್ಲೇನ್ರಿ?"

ನಾಲ್ಕು ದಿನ ಬಿಟ್ಟು ಹೇಳಿದರು ಎಂಬ, ಕಸುಬಿನ ಮಾನ ಉಳಿಸುವ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ನಿಜವೂ ಅದೇ ಆಗಿತ್ತು.

"ನಿಮ್ಮಣ್ಣ ಮೊದಲ ದಿನಾನೇ ಹೇಳಿದ್ರು," ಎಂದೆ. "ಟೈಪ್ ಮಾಡೂದು ನಾನೇ ಮರ್ತೆ. ಹಳೇ ಪ್ರತಿ ಅಂದಿದ್ದೆಲ್ಲಾ ಬರೇ ನೆಪ ರೀ. ನನಗ ಈ ಕೆಲಸ ಸರಿ ಬರಂಗಿಲ್ಲ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸಿಮೆಂಟಿನ ಕೈ ಅಂಗಿಗೆ ಒರೆಸಿಕೊಂಡು ಫೋನು ತೆಗೆದರು.

"ಅಣ್ಣಾ, ಎಂಥಾ ದಡ್ಡನ ಕೈಯಾಗ ಪತ್ರಿಕಾ ಮಾಡ್ಸೀದಿ ನೀ?"

ಆ ಕಡೆಯಿಂದ ಏನೋ ಹೇಳಿದ್ದು ಕೇಳಿ ತಮ್ಮ ನಕ್ಕುಬಿಟ್ಟರು. ನಾನು ಎದುರಿಗೆ ನಿಂತು, ಹೌದು ಹೌದೆಂದು ತಲೆಯಾಡಿಸಿದೆ.