ಲಿಲ್ಲಿ ಗಡ್ಡೆಯ ಹುಳು

ರಾಯದುರ್ಗದ ಜೀನ್ಸ್ ಹೊಲಿಗೆ ಕಾರ್ಖಾನೆಯಲ್ಲಿ ಗುಂಡಿಗೆ ಕಾಜಾ ಹಾಕುವ ಉಜ್ಜಿನಮ್ಮನಿಗೆ ಮದುವೆಯಾಗಿ ಹದಿನಾರು ವರ್ಷ. ಮಕ್ಕಳಾಗಿಲ್ಲ. ಗಂಡ ತಿಪ್ಪೇಶ ಆ ಮಾತೆತ್ತುವವನಲ್ಲ. ಎತ್ತುವವಳು ಮಡಕಶಿರಾದಲ್ಲಿರುವ ಅವನ ಅಕ್ಕ ಓಬಕ್ಕ. ಹೋದ ವರ್ಷ ಓಬಕ್ಕನ ಮೊಮ್ಮಗಳ ನಾಮಕರಣಕ್ಕೆ ಹೋದಾಗ ಅಂಗಳದಲ್ಲಿ ಬಿಳಿ ಲಿಲ್ಲಿ ಅರಳಿದ್ದವು. ಉಜ್ಜಿನಮ್ಮ ಎರಡು ಗಡ್ಡೆ ಕೇಳಿದಳು. ಓಬಕ್ಕ ನೆಂಟರೆಲ್ಲರ ಮುಂದೆ ನಕ್ಕಳು.

"ತಗಂಡೋಗವ್ವ. ನಿನ್ ಕೈಯಾಗೆ ಏನಾರ ಚಿಗುರ್ತದಾ, ನೋಡಾನ."

ಗಡ್ಡೆ ಚಿಗುರಿದವು. ಎಲೆ ಮೊಳದುದ್ದ ಬಂದ ಮೇಲೆ ಅವುಗಳಲ್ಲಿ ಬಿಳಿಚಿದ ಗೆರೆಗಳು ಕಂಡವು. ವಾರದೊಳಗೆ ಬುಡ ಮೆತ್ತಗಾಯಿತು. ಅಗೆದು ನೋಡಿದರೆ ಗಡ್ಡೆಯೊಳಗೆ ಕಪ್ಪು ಮೈ, ಬಿಳಿ ಚುಕ್ಕೆಯ ಹುಳುಗಳು. ಉಜ್ಜಿನಮ್ಮ ಅಳಲಿಲ್ಲ. ಕಡ್ಡಿಯಿಂದ ಒಂದೊಂದನ್ನೇ ಕೆದಕಿ ತೆಗೆದು, ಹೆಸರು ಹಿಡಿದು ಬೈಯುತ್ತ ಕಲ್ಲಿನ ಮೇಲೆ ಜಜ್ಜಿದಳು. ಬೈದದ್ದು ಹುಳುವಿನ ಹೆಸರಲ್ಲ.

ಹೂವಿನ ತೋಟದಲ್ಲಿ ಕೂಲಿ ಮಾಡಿ ಬಲ್ಲ ನೆರೆಮನೆಯ ಹಂಪಕ್ಕ ತಡೆದಳು. "ಜಜ್ಜಿದ್ರಷ್ಟ ಸಾಲಂಗಿಲ್ರಿ. ಕೊಳೆತಿದ್ದು ಕೊಯ್ದು ಹಾಕ್ರಿ, ಗಡ್ಡಿ ನೆರಳಾಗ ಒಣಗಿಸ್ರಿ. ಮಣ್ಣು ಬಿಸಿಲಿಗೆ ಹರವ್ರಿ. ಎಲಿ ಕೆಳಗ ಚಿಟ್ಟಿ ಮೊಟ್ಟಿ ಇಟ್ಟಿರತೈತಿ, ದಿನಾ ಒರಸ್ರಿ."

ಉಜ್ಜಿನಮ್ಮ ಹಾಗೇ ಮಾಡಿದಳು. ಗಡ್ಡೆಗಳನ್ನು ಮತ್ತೆ ನೆಟ್ಟು, ಚಿಗುರಿದ ಮೇಲೆ ಬೇವಿನೆಣ್ಣೆಯನ್ನು ಸೋಪಿನ ನೀರಿಗೆ ಬೆರೆಸಿ ಎಲೆಯಡಿಗೆ ಹೊಡೆದಳು. ಒಂದು ಗಡ್ಡೆ ಸತ್ತಿತು. ಇನ್ನೊಂದು ಶ್ರಾವಣದಲ್ಲಿ ಐದು ಹೂ ಬಿಟ್ಟಿತು. ಫೋಟೋವನ್ನು ಸ್ಟೇಟಸ್‌ಗೆ ಹಾಕಿದಳು, ಓಬಕ್ಕ ನೋಡಲಿ ಎಂದೇ.

ಮರುದಿನವೇ ಓಬಕ್ಕನ ಫೋನು. "ನಮ್ ಗಡ್ಡೆಗಳ್ನ ಹುಳ ಪೂರಾ ತಿಂದ್ಬಿಟ್ಟವೆ ಕಣವ್ವ. ಏನ್ ಹಾಕ್ದೆ, ಹೇಳು."

ಫೋನಿನಲ್ಲೇ ಎರಡು ನಿಮಿಷದಲ್ಲಿ ಹೇಳಿ ಮುಗಿಸಬಹುದಿತ್ತು. "ನಾನ ಬರ್ತೀನ್ರಿ ಅಕ್ಕ," ಎಂದಳು ಉಜ್ಜಿನಮ್ಮ. ರಜೆ ಹಾಕಿ ಬಸ್ಸು ಹತ್ತಿದಳು.

ಓಬಕ್ಕನ ಅಂಗಳದ ಕಟ್ಟೆಯ ಮೇಲೆ ಕುಳಿತು ಗಡ್ಡೆಗಳನ್ನೆಲ್ಲ ಅವಳ ಕೈಯಿಂದಲೇ ಅಗೆಸಿದಳು. ನಲವತ್ತಕ್ಕೂ ಹೆಚ್ಚಿದ್ದವು. ಕೊಳೆತ ವಾಸನೆಗೆ ಓಬಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಕಡ್ಡೀಲಿ ತೆಗೀಲಾ?"

"ಕಡ್ಡಿಗೆ ಸಿಗಂಗಿಲ್ರಿ. ಬರೀ ಕೈಲೇ ತೆಗೀಬೇಕು."

ಸುಳ್ಳು ಸಲೀಸಾಗಿ ಬಂತು. ಓಬಕ್ಕ ಲೋಳೆಯೊಳಗೆ ಬೆರಳು ಹಾಕಿ ಹುಳು ಎಳೆದು ಸೋಪಿನ ನೀರಿಗೆ ಹಾಕತೊಡಗಿದಳು. ಬಿಸಿಲು ನೆತ್ತಿಗೇರಿತು. ಅವಳು ಎದ್ದಾಗಲೆಲ್ಲ ಉಜ್ಜಿನಮ್ಮ ಬೆರಳು ತೋರಿಸಿದಳು: "ಅಲ್ಲೊಂದೈತಿ ನೋಡ್ರಿ."

"ಸಾಕೇನವ್ವ?"

"ಇನ್ನೂ ಆ ಸಾಲು ಐತ್ರಿ."

ಮಧ್ಯಾಹ್ನ ಓಬಕ್ಕ ಮೂರು ಸಲ ಕೈ ತೊಳೆದರೂ ತಟ್ಟೆ ಮುಟ್ಟಲಾಗಲಿಲ್ಲ. ಉಜ್ಜಿನಮ್ಮ ಎರಡನೇ ಸಲ ಸಾರು ಹಾಕಿಸಿಕೊಂಡು, ನಿಧಾನವಾಗಿ, ಹೊಟ್ಟೆ ತುಂಬ ಉಂಡಳು.