ಅಣ್ಣನ ಕಾಲಿಗೆ ಮಾಡಿದ ಚೌಕಾಸಿ

ಎತ್ತಿನ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈ ಮೇಲೆ ಟವೆಲ್ ಹೊದಿಸಿ, ಅದರಡಿ ಬೆರಳು ಹಿಡಿದು ತಿಳಿಸುತ್ತೇವೆ. ಶಿಕಾರಿಪುರದ ಸಂತೆಯಲ್ಲಿ ಹಾಗೆ ಸಾವಿರ ಕೈ ಹಿಡಿದವನು ನಾನು. ಎದುರಿನವನ ಬೆರಳು ತಣ್ಣಗಿದ್ದರೆ ಹೆದರಿದ್ದಾನೆ ಎಂದೇ ಅರ್ಥ. ಎಪ್ಪತ್ತರ ದಶಕದಲ್ಲಿ ನನ್ನ ಅಣ್ಣನ ಕೈ ತಣ್ಣಗಾಗತೊಡಗಿದಾಗಲೂ ಅದನ್ನೇ ಅಂದುಕೊಂಡೆ: ಇವನಿಗೆ ಧೈರ್ಯ ಹೋಯಿತು.

ಅಣ್ಣ ಸೊರಬದ ಕಡೆ ಎತ್ತು ಕೊಂಡು ನಡೆಸಿಕೊಂಡು ಬರುತ್ತಿದ್ದ. ಮಾರುವುದು ನನ್ನ ಪಾಲು. ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದ. ಅಲ್ಲಿನ ಉಳವಿಯಿಂದ ಹೊರಟವನು ಮೊದಮೊದಲು ಮೈಲಿಗೊಮ್ಮೆ, ಆಮೇಲೆ ಫರ್ಲಾಂಗಿಗೊಮ್ಮೆ ನಿಲ್ಲತೊಡಗಿದ. ಮೀನಖಂಡ ಹಿಡಿಯುತ್ತದೆ, ನಿಂತರೆ ಬಿಡುತ್ತದೆ ಅನ್ನುತ್ತಿದ್ದ. ನಿಂತ ಕಡೆ ಇನ್ನೊಂದು ಬೀಡಿ. ಈಗ ಎತ್ತುಗಳೇ ಇವನನ್ನು ಹೊಡೆದುಕೊಂಡು ಬರುತ್ತವೆ ಎಂದು ನಾಲ್ಕು ಜನರೆದುರು ಹಂಗಿಸಿದ್ದೇನೆ.

ಕಾಲಿನ ಹೆಬ್ಬೆರಳು ಕಪ್ಪಾದ ಮೇಲೆ ಊರಿನ ಡಾಕ್ಟರಿಗೆ ತೋರಿಸಿದೆ. ಅವರು ಪಾದದ ಮೇಲೆ, ಮಂಡಿಯ ಹಿಂದೆ ನಾಡಿ ಹುಡುಕಿದರು, ಸಿಗಲಿಲ್ಲ. ಚೀಟಿಯಲ್ಲಿ ಆರ್ಟೀರಿಯೋಪತಿ ಎಂದು ಬರೆದರು. ಹಾಗೆಂದರೇನು ಎಂದು ಕೇಳದೆ ಏಳುವವನಲ್ಲ ನಾನು.

"ಹೃದಯದಿಂದ ರಕ್ತ ಒಯ್ಯೋ ನಾಳಕ್ಕೆ ರೋಗ ಬಂದಿದೆ ಅಂತ. ಅಷ್ಟೇ ರೀ ಆ ಪದ ಹೇಳೋದು. ಯಾವ ನಾಳ, ಎಲ್ಲೀವರೆಗೆ, ಯಾಕೆ, ಅದನ್ನೆಲ್ಲ ಸರ್ಜನ್ ನೋಡಬೇಕು."

ನಿಮ್ಮ ಮನೆಯವರ ಚೀಟಿಯಲ್ಲಿ ಆ ಪದ ಕಂಡರೆ ಈ ಮೂರನ್ನೂ ಕೇಳಿಯೇ ಬನ್ನಿ. ಎತ್ತು ಕುಂಟುತ್ತದೆ ಎಂದಂತೆ ಅದು. ಗೊರಸಿನದೋ ಮೂಳೆಯದೋ ಅದರಲ್ಲಿ ತಿಳಿಯುವುದಿಲ್ಲ. ಆದರೆ ನನ್ನ ಬುದ್ಧಿ ಬೇರೆ ಕಡೆ ಓಡಿತು. ಎಲ್ಲಿಯವರೆಗೆ ಎಂದು ಬರೆದಿಲ್ಲವಾದರೆ ಚೌಕಾಸಿಗೆ ಜಾಗವಿದೆ ಅಂದುಕೊಂಡೆ.

ಪರವೂರಿನ ಸರ್ಜನ್, ಬೀಡಿಯಿಂದ ಕಾಲಿನ ನಾಳ ಕಟ್ಟಿದೆ, ಮಂಡಿಯ ಕೆಳಗೆ ಕಾಲು ತೆಗೆಯಬೇಕೆಂದರು. ನಾನು ಒಂದು ಬೆರಳಿನಿಂದ ಶುರು ಮಾಡಿದೆ. ನಡೆದರೇ ಇವನ ಅನ್ನ ಅಂದೆ, ಕೈ ಮುಗಿದೆ, ಎದ್ದು ಹೊರಟಂತೆಯೂ ಮಾಡಿದೆ. ರಕ್ತ ಬಾರದ ಕಡೆ ಗಾಯ ಮಾಯುವುದಿಲ್ಲ ಎಂದು ಎಚ್ಚರಿಸಿ, ಇದು ನನ್ನದೇ ಹಟ ಎಂದು ನನ್ನಿಂದ ಬರೆಸಿಕೊಂಡು ಅವರು ಬೆರಳಷ್ಟೇ ತೆಗೆದರು. ಪಾದ ಉಳಿಸಿಕೊಂಡು ಬಂದೆನೆಂದು ಸಂತೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಗಾಯ ಮಾಯಲಿಲ್ಲ. ಕಪ್ಪು ಪಾದ ದಾಟಿ ಮೇಲೇರಿತು. ವಾಸನೆಗೆ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು. ಮತ್ತೆ ಹೋದಾಗ ಸರ್ಜನ್ ಅಣ್ಣನ ನಡುತೊಡೆಯ ಮೇಲೆ ಕೈಯಿಟ್ಟು, ಇಲ್ಲಿಯವರೆಗೆ ತೆಗೆಯಬೇಕೆಂದು ತೋರಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಹೆಗಲ ಟವೆಲ್ ಎಳೆದು ನನ್ನ ಕೈ ಮೇಲೆ ಹಾಕಿದ. ಅದರಡಿ ನನ್ನ ಐದೂ ಬೆರಳನ್ನು ಮಡಿಸಿ ಹಿಡಿದ. ಅವನ ಕೈ ತಣ್ಣಗೇ ಇತ್ತು.

"ಈ ಸಲ ನೀ ಮಾತಾಡಬ್ಯಾಡ ತಮ್ಮಾ. ಅವರು ಕೇಳಿದಷ್ಟು ಕೊಟ್ಟುಬಿಡಾಣ."

ತೊಡೆಯವರೆಗೆ ಕೊಟ್ಟೆವು. ಬೀಡಿಯನ್ನು ಅವನಾಗಿಯೇ ಬಿಟ್ಟ.