ಮಡ್ಡಿಯ ಮೇಲಿನ ನೆರಳು

ಪವಾಡ, ಶಕುನ ಎಂದರೆ ನಗುತ್ತಿದ್ದವಳು ನಾನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು, ಓದಿದ್ದು ವಿಜ್ಞಾನ. ಆದರೂ ಈ ಸಂಗತಿಯನ್ನು ನಡೆದ ಹಾಗೇ ಹೇಳುತ್ತೇನೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ಬಿ.ಎಸ್ಸಿ. ಕೊನೆಯ ಪೇಪರಿನ ದಿನ ನಮ್ಮೂರಿಗೆ ಬಸ್ಸು ಬರಲಿಲ್ಲ. ಪರೀಕ್ಷೆ ಮಧ್ಯಾಹ್ನ, ಬೀದರಿನಲ್ಲಿ. ಸಂತಪುರದವರೆಗೆ ನಡೆದರೆ ಅಲ್ಲಿಂದ ಬಸ್ಸು ಸಿಗುತ್ತಿತ್ತು. ಒಳದಾರಿ ಹಿಡಿದು ಮಡ್ಡಿ ಎನ್ನುವ ಬೋಳು ಕಲ್ಲುದಿಬ್ಬ ಹತ್ತಿದೆ. ಸುಡುಬಿಸಿಲು, ಗಡಿಬಿಡಿಯಲ್ಲಿ ಉಂಡೂ ಇರಲಿಲ್ಲ. ನಡುದಾರಿಯಲ್ಲಿ ಕಣ್ಣಿಗೆ ಕತ್ತಲೆ ಬಂತು. ಇಲ್ಲಿ ಬಿದ್ದರೆ ಪದವಿಯೂ ಬಿತ್ತು ಎಂದುಕೊಂಡದ್ದು ನೆನಪಿದೆ. ಆಮೇಲೆ ನೋಡಿದರೆ ಚಪ್ಪಟೆಯಾದೊಂದು ಕೆಂಪು ಬಂಡೆಯ ಮೇಲೆ ಕುಳಿತಿದ್ದೆ. ಮೇಲೆ ದಟ್ಟ ನೆರಳು, ಜೇನುನೊಣಗಳ ಗುಂಯ್ ಸದ್ದು, ತಣ್ಣನೆ ಗಾಳಿ. ಇಲ್ಲಿ ಗಿಡವೆಲ್ಲಿಂದ ಬಂತು ಎಂದು ಆಗ ಹೊಳೆಯಲೇ ಇಲ್ಲ, ತಲೆಯಲ್ಲಿ ಪೇಪರೊಂದೇ. ದಣಿವಾರಿದ ಮೇಲೆ ಎದ್ದು ಹೋಗಿ ಬಸ್ಸು ಹಿಡಿದೆ.

ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ ಅಪ್ಪ ಕಾಲೇಜಿನ ಗೇಟಿನಲ್ಲಿ ಕಾಯುತ್ತಿದ್ದ. ನನ್ನ ತಲೆ ನೋಡಿ ನಕ್ಕ.

“ಹೂ ಮುಡ್ಕೊಂಡು ಬಂದೀ ಏನವ್ವ? ಪರೀಕ್ಷಾ ಅದನೋ, ಮದುವಿ ಅದನೋ?”

ಕೂದಲಲ್ಲಿ ಸಿಕ್ಕಿದ್ದ ಹೂ ಆರಿಸಿ ಮೂಸಿದ. “ಹೊಂಗಿ ಹೂವ. ಎಲ್ಲಿಂದ್ ಬಂತು?”

“ಮಡ್ಡಿ ಮ್ಯಾಲ ಗಿಡದ ಕೆಳಗ ಕುಂತಿದ್ದೆ, ಅಪ್ಪಾ.”

“ಆ ಮಡ್ಡಿ ಮ್ಯಾಲ ಹಲ್ಲುಜ್ಜಾಕ ಒಂದು ಕಡ್ಡಿ ಸಿಗಲ್ಲ. ನಡಿ, ಮೊದಲ ಪೇಪರ್ ಬರಿ.”

ಬರೆದೆ. ಪಾಸಾದೆ. ತಿರುಗಿ ಹೋಗಿ ನೋಡಿದಾಗ ಬಂಡೆಯಿತ್ತು, ಗಿಡವಿರಲಿಲ್ಲ.

ಭಾಲ್ಕಿಯಲ್ಲಿ ಶಿಕ್ಷಕಿಯಾದ ಮೇಲೆ ಊರವರನ್ನು ಕಟ್ಟಿಕೊಂಡು ಅದೇ ಮಡ್ಡಿಯಲ್ಲಿ ಗಿಡ ನೆಟ್ಟೆ. ಅರಣ್ಯ ಇಲಾಖೆಯವರು ಕೊಟ್ಟ ಸಸಿಗಳಲ್ಲಿ ಬೇವು, ಸೀತಾಫಲ ಇದ್ದವು, ಹೊಂಗೆಯೂ ಇತ್ತು. ಹೆಂಗಸರು ಕೊಡದಲ್ಲಿ ನೀರು ಹೊತ್ತರು. ಈಗ ಅದು ನಮ್ಮೂರ ಕಾಡು. ನವಿಲು ಬಂದಿವೆ. ಬೇಸಿಗೆಗೆ ಮೊದಲೇ ಬತ್ತುತ್ತಿದ್ದ ಕೆಳಗಿನ ಬಾವಿಯಲ್ಲಿ ನೀರು ನಿಲ್ಲುತ್ತದೆ. ಪದವಿಯಷ್ಟೇ ಹೆಮ್ಮೆ ನನಗೆ ಆ ಕಾಡಿನದು.

ಹೋದ ಬೇಸಿಗೆಯಲ್ಲಿ ಅಪ್ಪನ ಜೊತೆ ಅಲ್ಲಿ ಕುಳಿತೆ. ಅದೇ ಬಂಡೆ, ಅದೇ ತಂಪು, ಅದೇ ಗುಂಯ್ ಸದ್ದು. ತಲೆಯ ಮೇಲೆ ಹೂ ಉದುರಿತು. ನಾನೇ ನೆಟ್ಟ ಹೊಂಗೆ. ಅಪ್ಪನಿಗೆ ಆ ಪರೀಕ್ಷೆಯ ದಿನ ನೆನಪಿಸಿದೆ.

ಅಪ್ಪ ಹೂ ಎತ್ತಿಕೊಂಡು ಹೇಳಿದ: “ನಿನ್ನ ಗಿಡಾನೇ ಅವ್ವ. ನಿನಗ ಜರಾ ಜಲ್ದಿ ನೆರಳ ಕೊಟ್ಟದ.”

ವಿಜ್ಞಾನ ಕಲಿಸುವ ನಾನು ಆ ಮಾತನ್ನು ಒಪ್ಪುವುದು ಹೇಗೆ? ಅದಕ್ಕಿಂತ ಬೇರೆ ಉತ್ತರವೂ ಇವತ್ತಿನವರೆಗೆ ನನಗೆ ಸಿಕ್ಕಿಲ್ಲ.